ಪರೋಕ್ಷವಿನಯ: ಯುದ್ಧಕಾಲದ ನಾವಿಕ ತಂದೆಯನ್ನು ಅರಸುವ ಬಗೆ

ಜೈನ ನಿಷಿಧಿ ಶಾಸನಗಳನ್ನು ಓದುವವರಿಗೆ ‘ಪರೋಕ್ಷವಿನಯ’ ಎಂಬ ಮಾತು ಪರಿಚಿತವಾದುದು. ಕಣ್ಣೆದುರಿಗಿಲ್ಲದವರಿಗೆ, ದೇಹವನ್ನು ತೊರೆದು ಹೋದವರಿಗೆ, ಉಳಿದವರು ಸಲ್ಲಿಸುವ ಗೌರವವೇ ಪರೋಕ್ಷವಿನಯ. ಮಗ, ಮಗಳು, ಶಿಷ್ಯ ಅಥವಾ ಸಹೋದರ ಒಂದು ಕಲ್ಲನ್ನು ನಿಲ್ಲಿಸಿ, ಅಗಲಿದವರ ಹೆಸರನ್ನು ಬರೆಸಿ ಆ ಋಣವನ್ನು ತೀರಿಸುತ್ತಿದ್ದರು. ಕಲ್ಲು ನಿಲ್ಲಿಸಲು ನೆಲವಿರಬೇಕು. ಬದುಕಿನ ಬಹುಭಾಗವನ್ನು ನೀರಿನ ಮೇಲೆ ಕಳೆದವನ ಅಥವಾ ನೀರಿನಲ್ಲಿಯೇ ಮುಳುಗಿಹೋದವನ ಹೆಸರನ್ನು ಎಲ್ಲಿ ಬರೆಸುವುದು? ಎರಡನೆಯ ಮಹಾಯುದ್ಧದ ಕಾಲದಲ್ಲಿ ವ್ಯಾಪಾರಿ ಹಡಗುಗಳಲ್ಲಿ ದುಡಿದ ನಮ್ಮ ನಾವಿಕರ ವಿಷಯದಲ್ಲಿ ಏಳುವ ಪ್ರಶ್ನೆ ಇದು.

ಮಲೆನಾಡಿಗೂ ಕಡಲಿಗೂ ಏನು ಸಂಬಂಧವೆಂದು ಕೇಳುವವರು ಶರಾವತಿಯ ದಾರಿಯನ್ನು ನೆನೆಯಬೇಕು. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರಗಳ ನೆಲವನ್ನು ಹಾದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯನ್ನು ಬಳಸಿ ಹೊನ್ನಾವರದಲ್ಲಿ ಅದು ಸಮುದ್ರವನ್ನು ಸೇರುತ್ತದೆ. ಘಟ್ಟದ ಮೆಣಸು ಕಡಲಿಗಿಳಿದದ್ದು ಈ ಕಣಿವೆಯ ಸೀಮೆಯಿಂದಲೇ. ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ಚರಿತ್ರೆಯನ್ನು ಬರೆಯುವವರು ನಮ್ಮ ಶಾಸನಗಳ ಜೊತೆಗೆ ಪರದೇಶದ ವರ್ತಕರ ಕಾಗದಗಳನ್ನೂ ನೋಡಲೇಬೇಕು. ನಾವಿಕನ ಚರಿತ್ರೆಗೂ ಇದೇ ನಿಯಮ. ನಮ್ಮವರು ಬಾಳಿದ ಬಾಳಿನ ಲೆಕ್ಕ ಪರರ ಪುಸ್ತಕದಲ್ಲಿ ಉಳಿದಿದೆ.

ಇಂದು ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವವರು 2025ರ ಜುಲೈನಲ್ಲಿ ತೆರೆದ ಸೇತುವೆಯ ಮೇಲೆ ಹಿನ್ನೀರನ್ನು ದಾಟುತ್ತಾರೆ. ಅಲ್ಲಿಯವರೆಗೆ ಲಾಂಚಿನಲ್ಲಿ ದಾಟುತ್ತಿದ್ದರು. ಆ ನೀರಿನ ಅಡಿಯಲ್ಲಿ ಊರುಗಳಿವೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಮನೆ, ತೋಟ, ಗದ್ದೆಗಳನ್ನು ಬಿಟ್ಟು ಜನ ಚದುರಿದರು. ಹೀಗೆ ಎದ್ದುಹೋದ ಮನೆಗಳಲ್ಲಿ ಮೊದಲು ಕಾಣೆಯಾಗುವುದು ಕಾಗದ. ಹಿರಿಯರ ಪೆಟ್ಟಿಗೆಯಲ್ಲಿದ್ದ ಪತ್ರಗಳಿಗೆ ಗೆದ್ದಲು ಹಿಡಿದರೂ ಮುಳುಗಡೆಯಾದರೂ ಫಲ ಒಂದೇ. ಕರಾವಳಿಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಮನೆತನಗಳಲ್ಲಿ “ಅಪ್ಪಯ್ಯ ಯುದ್ಧದ ಕಾಲಕ್ಕೆ ಹಡಗಿನಲ್ಲಿದ್ದರಂತೆ” ಎಂಬ ಒಂದು ವಾಕ್ಯ ಮಾತ್ರ ಉಳಿದಿದ್ದರೆ ಆಶ್ಚರ್ಯವಿಲ್ಲ. ಹುಡುಕಾಟವನ್ನು ಆ ಒಂದು ವಾಕ್ಯದಿಂದಲೇ ಆರಂಭಿಸಬೇಕಾಗುತ್ತದೆ.

ವ್ಯಾಪಾರಿ ಹಡಗಿನ ನಾವಿಕ ಸೈನಿಕನಲ್ಲ. ಅವನಿಗೆ ರೆಜಿಮೆಂಟಿಲ್ಲ, ಸೈನಿಕನ ಪಿಂಚಣಿಯ ಕಡತವಿಲ್ಲ. ಒಂದು ಹಡಗಿಗೆ, ಒಂದು ಯಾನಕ್ಕೆ ಅಥವಾ ನಿಗದಿತ ಅವಧಿಗೆ ಕರಾರು ಮಾಡಿಕೊಂಡು ಹತ್ತುತ್ತಿದ್ದ. ಅದು ಮುಗಿದ ಬಳಿಕ ಇಳಿಯುತ್ತಿದ್ದ. ಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ಕಾಲು ಭಾಗ ಭಾರತೀಯರೇ ಇದ್ದರು. ಆಂಗ್ಲ ದಾಖಲೆಗಳು ಇವರನ್ನು ‘ಲಸ್ಕರ’ರೆಂದು ಕರೆಯುತ್ತವೆ. ನೇಮಕಾತಿಯ ದೊಡ್ಡ ಬಂದರುಗಳು ಎರಡು, ಮುಂಬಯಿ ಮತ್ತು ಕಲ್ಕತ್ತ. ನಮ್ಮ ಕರಾವಳಿಯವರಿಗೆ ಹತ್ತಿರವಾದದ್ದು ಮುಂಬಯಿ.

ಆದ್ದರಿಂದ ಹುಡುಕಾಟದ ಮೊದಲ ಸೂತ್ರವಿದು: ಮನುಷ್ಯನಿಗಿಂತ ಮುಂಚೆ ಹಡಗನ್ನು ಹುಡುಕಬೇಕು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧಕಾಲದ ನಾವಿಕರ ಕರಾರುಪಟ್ಟಿಗಳು ಬಿಟಿ 381 ಎಂಬ ಶ್ರೇಣಿಯಲ್ಲಿವೆ. ಅವುಗಳನ್ನು ಜೋಡಿಸಿರುವುದು ನಾವಿಕರ ಹೆಸರಿನ ಅಕಾರಾದಿಯಲ್ಲಲ್ಲ, ಹಡಗಿನ ಅಧಿಕೃತ ಸಂಖ್ಯೆಯ ಕ್ರಮದಲ್ಲಿ. ಒಂದೇ ಹೆಸರಿನ ಹಡಗುಗಳು ಹಲವಿರಬಹುದು, ಸಂಖ್ಯೆ ಮಾತ್ರ ಒಂದಕ್ಕೆ ಒಂದೇ. ಬಿಟಿ 389 ಎಂಬ ಶ್ರೇಣಿಯ ಚೀಟಿಗಳಲ್ಲಿ ಹಡಗುಗಳ ಸಂಚಾರದ ವಿವರವಿದೆ: ಯಾವ ಬಂದರಿನಿಂದ ಎಂದು ಹೊರಟಿತು, ಎಲ್ಲಿ ತಂಗಿತು, ಏನಾಯಿತು. ಮನೆಯಲ್ಲಿ ಡಿಸ್ಚಾರ್ಜ್ ಪುಸ್ತಕ ಉಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಹತ್ತಿದ ಹಡಗು, ಹತ್ತಿದ ದಿನ, ಇಳಿದ ದಿನ ಅದರಲ್ಲಿರುತ್ತವೆ. ಇಲ್ಲವಾದರೆ ಕಂಪನಿಯ ಹೆಸರು, ಒಂದು ಹಳೆಯ ಭಾವಚಿತ್ರ, ಪರದೇಶದ ಅಂಚೆಯ ಮುದ್ರೆ, ಇಂಥ ಯಾವ ಸುಳಿವೂ ಅಲ್ಪವಲ್ಲ.

ಎರಡನೆಯ ಸೂತ್ರ ಹೆಸರಿಗೆ ಸಂಬಂಧಿಸಿದ್ದು. ಸವೆದ ಶಾಸನದಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ಪಾಠಗಳನ್ನು ಊಹಿಸುವವರಿಗೆ ಇದು ಹೊಸದಲ್ಲ. ಕನ್ನಡ, ಕೊಂಕಣಿ, ನವಾಯತಿ ಹೆಸರುಗಳನ್ನು ಆಂಗ್ಲ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಬರೆದುಕೊಂಡಿರುತ್ತಾನೆ. ವಯಸ್ಸು ಬಹುಮಟ್ಟಿಗೆ ಅಂದಾಜಿನದು. ಊರಿನ ಹೆಸರುಗಳ ಕಾಗುಣಿತವೂ ಹಾಗೆಯೇ. ಹೊನ್ನಾವರ ಹಳೆಯ ಕಾಗದಗಳಲ್ಲಿ ‘ಓನೋರ್’ ಆಗಿರುವುದುಂಟು. ಜಿಲ್ಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರಗಳು ಆಗ ಮುಂಬಯಿ ಪ್ರಾಂತದ ಉತ್ತರ ಕೆನರಾ. ಮಂಗಳೂರು ಮದರಾಸು ಪ್ರಾಂತದ ದಕ್ಷಿಣ ಕೆನರಾ. ಸಾಗರ ಮೈಸೂರು ಸಂಸ್ಥಾನ. ಇಂದಿನ ಕರ್ನಾಟಕದ ನಕ್ಷೆಯನ್ನು ಮುಂದಿಟ್ಟುಕೊಂಡು ಹುಡುಕಿದರೆ ಅವರು ಸಿಗಲಾರರು.

ಹುದ್ದೆಯ ಹೆಸರನ್ನು ಮನೆತನದ ಹೆಸರೆಂದು ಭ್ರಮಿಸುವ ಅಪಾಯವೂ ಇದೆ. ಸಾರಂಗನೆಂದರೆ ನಾವಿಕರ ಮುಖ್ಯಸ್ಥ, ತಾಂಡೇಲ ಅವನ ಕೈಕೆಳಗಿನವನು, ಸುಖಾನಿ ಚುಕ್ಕಾಣಿ ಹಿಡಿಯುವವನು, ಭಂಡಾರಿ ಅಡುಗೆಯವನು. ಭಂಡಾರಿ, ತಾಂಡೇಲ ಎಂಬಿವು ನಮ್ಮ ಕಡೆ ಕುಲನಾಮಗಳೂ ಹೌದು. ಪಟ್ಟಿಯಲ್ಲಿ ಆ ಮಾತು ಯಾವ ಕಲಮಿನಲ್ಲಿದೆ ಎಂಬುದನ್ನು ನೋಡದೆ ನಿರ್ಣಯಿಸಬಾರದು.

ಹಡಗಿನ ಮೂಲಕ ಮನುಷ್ಯರನ್ನು ಕಾಣುವುದೆಂದರೇನು ಎಂಬುದಕ್ಕೆ ‘ತಿಲಾವಾ’ ಒಳ್ಳೆಯ ನಿದರ್ಶನ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಈ ಹಡಗು 1942ರ ನವೆಂಬರ್ 20ರಂದು ಮುಂಬಯಿಯಿಂದ ಆಫ್ರಿಕಾದ ಪೂರ್ವ ತೀರಕ್ಕೆ ಹೊರಟಿತು. 732 ಪ್ರಯಾಣಿಕರು, 222 ನಾವಿಕರು, 4 ಗೋಲಂದಾಜರು, ಒಟ್ಟು 958 ಜನ ಅದರಲ್ಲಿದ್ದರು. 23ರ ನಸುಕಿನಲ್ಲಿ ಜಪಾನಿನ ಐ-29 ಎಂಬ ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ದೋಣಿಗಳಿಗಿಳಿದವರಲ್ಲಿ ಕೆಲವರು, ಹಡಗು ಇನ್ನೂ ತೇಲುತ್ತಿರುವುದನ್ನು ಕಂಡು ಮರಳಿ ಹತ್ತಿದ್ದರು. ಅಷ್ಟರಲ್ಲಿ ಎರಡನೆಯ ಟಾರ್ಪೆಡೊ ಬಡಿಯಿತು. 280 ಜನ ಅಸುನೀಗಿದರು. ಬದುಕುಳಿದವರಲ್ಲಿ ಬಹುತೇಕ ಎಲ್ಲರನ್ನೂ ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆ ಎತ್ತಿಕೊಂಡು ನವೆಂಬರ್ 27ರಂದು ಮುಂಬಯಿಗೆ ತಲುಪಿಸಿತು.

ಆ ಹಡಗಿನಲ್ಲಿ 2,364 ಬೆಳ್ಳಿಯ ಗಟ್ಟಿಗಳೂ ಇದ್ದವು, ದಕ್ಷಿಣ ಆಫ್ರಿಕಾ ನಾಣ್ಯ ಟಂಕಿಸಲು ಕೊಂಡದ್ದು. 2017ರಲ್ಲಿ ಅವುಗಳನ್ನು ಕಡಲ ತಳದಿಂದ ಮೇಲೆತ್ತಲಾಯಿತು. ವ್ಯಾಜ್ಯ ನಡೆದು, 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ದಕ್ಷಿಣ ಆಫ್ರಿಕಾದ ಪರವಾಗಿ ತೀರ್ಪಿತ್ತಿತು. ಬೆಳ್ಳಿಗೆ ವಾರಸುದಾರರಿದ್ದರು, ವಕೀಲರಿದ್ದರು, ಗಟ್ಟಿಗಟ್ಟಿಯ ಎಣಿಕೆಯಿತ್ತು. ಸತ್ತ ಮನುಷ್ಯರ ವಾರಸುದಾರಿಕೆಯನ್ನು ಅವರ ಮಕ್ಕಳು ತಾವೇ ವಹಿಸಿಕೊಳ್ಳಬೇಕಾಯಿತು. ದುರಂತಕ್ಕೆ 80 ವರ್ಷ ತುಂಬಿದ 2022ರ ನವೆಂಬರ್ 23ರಂದು ಅಂಥ ಕುಟುಂಬಗಳು ಮುಂಬಯಿಯಲ್ಲಿ ಸೇರಿ ಸ್ಮರಣೆ ನಡೆಸಿದವು.

ಅದೇ ಮುಂಬಯಿಯ ಭಾರತೀಯ ನಾವಿಕರ ವಸತಿಗೃಹದಲ್ಲಿ ಎರಡನೆಯ ಮಹಾಯುದ್ಧದ ಸ್ಮಾರಕ ಪುಸ್ತಕರೂಪದಲ್ಲಿದೆ. ಸಮಾಧಿಯಿಲ್ಲದೆ ಕಡಲಲ್ಲಿ ಅಳಿದ ಸುಮಾರು 6,000 ಭಾರತೀಯ ವ್ಯಾಪಾರಿ ನಾವಿಕರ ಹೆಸರುಗಳು ಅದರಲ್ಲಿವೆ. ಅದರದೇ ಇನ್ನೊಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಸೂಚಿಯಲ್ಲಿಯೂ ಈ ಹೆಸರುಗಳನ್ನು ಹುಡುಕಬಹುದು. ಆದರೆ ಇದು ಮಡಿದವರ ಪಟ್ಟಿ. ಬದುಕಿ ಬಂದು, ಮನೆಯಲ್ಲಿ ಮೌನವಾಗಿ ಮುಪ್ಪಾದ ತಂದೆಯ ಹೆಸರು ಇದರಲ್ಲಿ ಇರುವುದಿಲ್ಲ. ಅವನನ್ನು ಕರಾರುಪಟ್ಟಿಯಲ್ಲಿಯೇ ಅರಸಬೇಕು.

ಮೂರನೆಯ ಸೂತ್ರ ಸಂಯಮದ್ದು. ತಂದೆಯನ್ನು ಹುಡುಕುವವರಿಗೆ ವೀರನೊಬ್ಬ ಸಿಗಲಿ ಎಂಬ ಆಸೆ ಸಹಜ. ದಾಖಲೆಗಳು ತೋರುವುದು ಕೂಲಿಗೆ ದುಡಿದ ಮನುಷ್ಯರನ್ನು. ಅದೇ ಹಡಗಿನ ಬಿಳಿಯ ನಾವಿಕನ ವೇತನದ ಕಾಲು ಭಾಗಕ್ಕಿಂತಲೂ ಕಡಿಮೆ ವೇತನ ಇವರಿಗೆ ಸಿಗುತ್ತಿತ್ತು. 1939ರ ಶರತ್ಕಾಲದಲ್ಲಿ, ಯುದ್ಧ ಆರಂಭವಾದ ಕೂಡಲೇ, ಹೆಚ್ಚಿನ ವೇತನವಿಲ್ಲದೆ ಅಪಾಯದ ಕಡಲಿಗೆ ಹೋಗುವುದಿಲ್ಲವೆಂದು ಬ್ರಿಟನ್ನಿನ ಬಂದರುಗಳಲ್ಲಿ ಸಾವಿರಾರು ಲಸ್ಕರರು ಮುಷ್ಕರ ಹೂಡಿದರು. ಹಲವರು ಜೈಲು ಕಂಡರು, ವೇತನವೂ ಏರಿತು. ಪಟ್ಟಿಯಲ್ಲಿ ತಂದೆಯ ಹೆಸರಿನ ಮುಂದೆ ‘ಆಜ್ಞೆ ಮೀರಿದ’ ಎಂಬ ಟಿಪ್ಪಣಿ ಕಂಡರೆ ತಲೆ ತಗ್ಗಿಸಬೇಕಾಗಿಲ್ಲ. ಪದಕದ ಉಲ್ಲೇಖ ಕಾಣದಿದ್ದರೆ ಕೊರಗಬೇಕಾಗಿಯೂ ಇಲ್ಲ. ಪದಕಕ್ಕೆ ಅರ್ಜಿ ಹಾಕಬೇಕಿತ್ತು, ಅನೇಕರು ಹಾಕಲಿಲ್ಲ. ಎಂಜಿನ್ ಕೋಣೆಯ ಬೆಂಕಿಯೆದುರು ಕಲ್ಲಿದ್ದಲು ಎತ್ತಿದವನು, ಕೆಳಗೆ ಟಾರ್ಪೆಡೊ ಇರಬಹುದೆಂದು ತಿಳಿದೂ ಅನ್ನ ಬೇಯಿಸಿದವನು ಮನೆಯವರ ಹೊಟ್ಟೆಗಾಗಿ ಹೋದವನು. ಆ ಸತ್ಯಕ್ಕೆ ಯಾವ ಅಲಂಕಾರವೂ ಬೇಡ.

ಕೆಲಸ ತಡವಾಗಿದೆ. 1945ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ನೂರರ ಅಂಚಿನಲ್ಲಿರಬೇಕು. ಅವರ ಬಾಯಿಂದ ಕೇಳಿದ ಮಕ್ಕಳಿಗೇ ವಯಸ್ಸಾಗಿದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಹಡಗಿನ ಹೆಸರು, ಕಂಪನಿ, ಬಂದರು, ಜೊತೆಗಿದ್ದವರ ಊರು, ಇಷ್ಟನ್ನಾದರೂ ಬರೆದಿಡಬೇಕು. ಉಳಿದ ಕಾಗದದ ಚಿತ್ರ ತೆಗೆದು ಎರಡು ಕಡೆ ಇಡಬೇಕು. ಪತ್ರಾಗಾರ ಕಾಯುತ್ತದೆ, ನೆನಪು ಕಾಯುವುದಿಲ್ಲ.

ನಿಷಿಧಿ ಶಾಸನಗಳಲ್ಲಿ ಅಗಲಿದವರ ಹೆಸರಿನೊಡನೆ ಕಲ್ಲು ನಿಲ್ಲಿಸಿದವರ ಹೆಸರೂ ಬರುವುದುಂಟು. ಯಾರು ಯಾರನ್ನು ನೆನೆದರು ಎಂಬುದು ಅಲ್ಲಿ ಚರಿತ್ರೆಯ ಭಾಗವೇ ಆಗಿದೆ. ಹಡಗಿನ ಸಂಖ್ಯೆ, ಯಾನದ ದಿನಾಂಕ, ತಪ್ಪು ಕಾಗುಣಿತದ ಒಂದು ಹೆಸರು, ಇವಿಷ್ಟನ್ನು ಸೇರಿಸಿ ಮಗಳೋ ಮಗನೋ ಬರೆಯುವ ಒಂದು ಪುಟವೂ ಅಂಥದೇ ಶಾಸನ.