ಸ್ಕೋಲಿಯೋಸಿಸ್ ಶಸ್ತ್ರಚಿಕಿತ್ಸೆ: ನಂತರದ ತೊಡಕುಗಳ ಮುನ್ಸೂಚನೆಯ ಚರಿತ್ರೆ

ಸ್ಕೋಲಿಯೋಸಿಸ್ ಎಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುವ ತೊಂದರೆ. ಕಾರಣ ತಿಳಿಯದೆ ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಬಗೆಯೇ ಹೆಚ್ಚು. ತೀವ್ರ ಬಾಗು ಬಹುಪಾಲು ಹುಡುಗಿಯರಲ್ಲಿ. ಬಾಗು ಸುಮಾರು 50 ಡಿಗ್ರಿ ಮುಟ್ಟಿದಾಗ ಕಶೇರುಮಣಿಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಬೆಸೆದ ಭಾಗ ನೆಟ್ಟಗಾಗುತ್ತದೆ. ಬೆಸೆಯದೆ ಬಿಟ್ಟ ಭಾಗ ಮುಂದೇನಾದೀತು ಎಂಬುದೇ ಕಷ್ಟದ ಪ್ರಶ್ನೆ.

ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಬೆನ್ನುಮೂಳೆಯ ಕ್ಷಯಕ್ಕೆಂದು ಪ್ರಕಟಿಸಿದ ಬೆಸುಗೆ ವಿಧಾನ ಕೆಲವೇ ವರ್ಷಗಳಲ್ಲಿ ಸ್ಕೋಲಿಯೋಸಿಸ್‌ಗೂ ಬಳಕೆಯಾಯಿತು. ಬಾಗನ್ನು ಅಳೆಯುವ ಕ್ರಮವನ್ನು ಜಾನ್ ಕಾಬ್ 1948ರಲ್ಲಿ ವಿವರಿಸಿದರು. ಹ್ಯೂಸ್ಟನ್ನಿನಲ್ಲಿ ಪೋಲಿಯೊ ಪೀಡಿತ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿದ್ದ ಪಾಲ್ ಹ್ಯಾರಿಂಗ್ಟನ್, ಬೆನ್ನನ್ನು ಹಿಗ್ಗಿಸಿ ನಿಲ್ಲಿಸುವ ಉಕ್ಕಿನ ಸರಳನ್ನು 1962ರಲ್ಲಿ ಲೋಕದ ಮುಂದಿಟ್ಟರು. ಮುಂದಿನಿಂದ ತೆಗೆದ ಎಕ್ಸ್-ರೇಯಲ್ಲಿ ಫಲಿತಾಂಶ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಸರಳು ಸೊಂಟದ ಕೆಳಭಾಗದವರೆಗೆ ಇಳಿದಾಗ ಅಲ್ಲಿನ ಸಹಜ ಒಳಬಾಗು ಅಳಿಸಿಹೋಗುತ್ತಿತ್ತು. ಹೀಗೆ ಸರಳು ಹಾಕಿಸಿಕೊಂಡ ಹುಡುಗಿಯರಲ್ಲಿ ಎಷ್ಟೋ ಮಂದಿ ನಡುವಯಸ್ಸಿಗೆ ಬಂದಾಗ ನೆಟ್ಟಗೆ ನಿಲ್ಲಲಾಗದೆ ಮುಂದಕ್ಕೆ ಬಾಗತೊಡಗಿದರು. ‘ಫ್ಲ್ಯಾಟ್‌ಬ್ಯಾಕ್’ ಎಂದು ಹೆಸರಾದ ಈ ತೊಡಕಿನಿಂದಾಗಿ, ಪಕ್ಕದಿಂದ ಕಾಣುವ ಬೆನ್ನಿನ ಆಕಾರಕ್ಕೂ ಅಷ್ಟೇ ಬೆಲೆಯಿದೆ ಎಂಬುದು ಮನದಟ್ಟಾಯಿತು. ರೋಗಿಗಳು ತೆತ್ತ ಬೆಲೆಯ ದೃಷ್ಟಿಯಿಂದ ಈ ಚರಿತ್ರೆಯ ಅತ್ಯಂತ ದುಬಾರಿ ಪಾಠ ಇದೇ.

ಎದೆಭಾಗದ ಬಾಗುಗಳನ್ನು ಐದು ಬಗೆಯಾಗಿ ವಿಂಗಡಿಸಿ, ಬೆಸುಗೆ ಎಲ್ಲಿ ನಿಲ್ಲಬೇಕೆಂದು ಕಿಂಗ್ ಮತ್ತು ಸಂಗಡಿಗರು 1983ರಲ್ಲಿ ಸೂಚಿಸಿದರು. ಅದೇ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ ರೂಪಿಸಿದ ಸಲಕರಣೆ ತಿರುಚನ್ನೂ ಬಿಡಿಸುವ ಗುರಿ ಹೊಂದಿತ್ತು. ಬೆಸುಗೆ ಎಲ್ಲಿ ನಿಲ್ಲಬೇಕೆಂಬ ಹ್ಯಾರಿಂಗ್ಟನ್ ಕಾಲದ ನಿಯಮವನ್ನೇ ಈ ಸಲಕರಣೆಗೂ ಅನ್ವಯಿಸಿದಾಗ ಕೆಲವರ ಮುಂಡ ಒಂದು ಬದಿಗೆ ವಾಲಿತು. ಎಳೆಯ ಮಕ್ಕಳಲ್ಲಿ ಇನ್ನೊಂದು ತೊಡಕು ಕಂಡಿತು: ಹಿಂಭಾಗ ಬೆಸೆದುಕೊಂಡರೂ ಮುಂಭಾಗ ಬೆಳೆಯುತ್ತಲೇ ಹೋಗಿ ಬೆನ್ನು ಮತ್ತೆ ತಿರುಚುತ್ತಿತ್ತು. ದ್ಯುಬುಸೆ 1989ರಲ್ಲಿ ಇದನ್ನು ‘ಕ್ರ್ಯಾಂಕ್‌ಶಾಫ್ಟ್’ ಎಂದು ವಿವರಿಸಿದ ಮೇಲೆ, ಮೂಳೆ ಎಷ್ಟು ಬಲಿತಿದೆ ಎಂಬುದು ಮುನ್ಸೂಚನೆಯ ಮುಖ್ಯ ಆಧಾರಗಳಲ್ಲೊಂದಾಯಿತು.

2001ರಲ್ಲಿ ಬಂದ ಲೆಂಕೆ ವರ್ಗೀಕರಣ ಮುಂದಿನ ನೋಟ, ಪಕ್ಕದ ನೋಟ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಕಶೇರುಮಣಿಗಳಿಗೆ ಬಿಗಿಯುವ ಪೆಡಿಕಲ್ ಸ್ಕ್ರೂಗಳಿಂದ ಸಲಕರಣೆಯ ಹಿಡಿತ ಬಲವಾಗಿತ್ತು. ಹೀಗಾಗಿ ಗಮನ ಬೆಸುಗೆಯ ಎರಡು ತುದಿಗಳತ್ತ ಸರಿಯಿತು. ಕೆಳತುದಿಯಲ್ಲಿ ಹೊಸ ಮಣಿಗಳೂ ಬಾಗಿಗೆ ಸೇರಿಕೊಳ್ಳುವುದು ‘ಆಡಿಂಗ್-ಆನ್’. ಮೂಳೆ ಬಲಿಯದ ಮಕ್ಕಳಲ್ಲಿ, ಬೆಸುಗೆ ತೀರ ಮೇಲೆಯೇ ನಿಂತಾಗ ಇದರ ಸಂಭವ ಹೆಚ್ಚು. ಮೇಲ್ತುದಿಯಲ್ಲಿ ಬೆನ್ನು ಮುಂದಕ್ಕೆ ಗೂನಾಗುವುದನ್ನು, ಸಾಮಾನ್ಯವಾಗಿ 10 ಡಿಗ್ರಿ ಮೀರಿದಾಗ, ಸಂಧಿಸ್ಥಾನದ ಕೈಫೋಸಿಸ್ ಎನ್ನುತ್ತಾರೆ.

ಈಗ ಇವೆಲ್ಲ ಅಳತೆಗಳನ್ನು ಒಟ್ಟಿಗೆ ತೂಗಲು ಕಂಪ್ಯೂಟರ್ ಮಾದರಿಗಳನ್ನು ರೂಪಿಸುತ್ತಿದ್ದಾರೆ. ಅವು ಊಹಿಸುವುದು ಹೆಚ್ಚಾಗಿ ಎಕ್ಸ್-ರೇಯ ಕೋನಗಳನ್ನು. ಆದರೆ ಎಕ್ಸ್-ರೇಯಲ್ಲಿ ಮೇಲ್ತುದಿಯ ಗೂನು ಕಂಡ ಅನೇಕ ಮಕ್ಕಳಿಗೆ ನೋವೇ ಇರುವುದಿಲ್ಲ. ಆದ್ದರಿಂದ ನೋವು, ಓಡಾಟ, ತನ್ನ ರೂಪದ ಬಗ್ಗೆ ತನಗಿರುವ ಭಾವನೆ ಇವನ್ನು ರೋಗಿಯಿಂದಲೇ ಕೇಳಿ ತಿಳಿಯುವ ಎಸ್‌ಆರ್‌ಎಸ್-22 ಪ್ರಶ್ನಾವಳಿಯನ್ನೂ ಜೊತೆಗೆ ಬಳಸುತ್ತಾರೆ.