ಫೆಬ್ರವರಿ 9: ಜವಳಗಿರಿ ಸೀಮೆಯಲ್ಲಿ ಜೀತ ವಿಮುಕ್ತಿಯ ನೆನಪು

ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆ ರಚನೆಯಾದದ್ದು 2004ರ ಫೆಬ್ರವರಿ 9ರಂದು. ಅದಕ್ಕೆ ಸರಿಯಾಗಿ 28 ವರ್ಷ ಮೊದಲು, 1976ರ ಅದೇ ದಿನ, ಜೀತ ಪದ್ಧತಿ ರದ್ದತಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ತಮಿಳುನಾಡು ಈ ದಿನವನ್ನು ಜೀತ ನಿರ್ಮೂಲನಾ ದಿನವಾಗಿ ಆಚರಿಸುತ್ತದೆ. ಜಿಲ್ಲಾಧಿಕಾರಿ ಕಚೇರಿಗಳಲ್ಲಿ ನೌಕರರು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಎರಡು ದಿನಗಳು ಕೂಡಿಬಂದದ್ದು ಕಾಕತಾಳೀಯವೇ ಇರಬಹುದು. ಆದರೂ ಇದೇ ಜಿಲ್ಲೆಯ ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯ ಇತಿಹಾಸ ಬರೆಯುವವರು ಇದನ್ನು ಸುಮ್ಮನೆ ದಾಟಿ ಹೋಗಲಾಗದು.

ಈ ಸೀಮೆಗೆ ಗುಲಾಮಗಿರಿ ರದ್ದತಿ ಎರಡು ಸಲ ಬಂದಿದೆ. 1792ರಲ್ಲಿ ಕೃಷ್ಣಗಿರಿ ಸುತ್ತಲಿನ ಬಾರಾಮಹಲ್ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು, ಡೆಂಕಣಿಕೋಟೆಗಳೂ ಮೈಸೂರಿನಿಂದ ಕಳಚಿ ಸೇಲಂ ಜಿಲ್ಲೆಗೆ ಸೇರಿದವು. ಹೀಗಾಗಿ, ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದೆಂದ 1843ರ 5ನೇ ಕಾಯ್ದೆ ಜವಳಗಿರಿಗೆ ಅನ್ವಯಿಸಿತು. ಮಗ್ಗುಲಲ್ಲೇ ಇದ್ದ ಆನೇಕಲ್ ಮೈಸೂರು ಸಂಸ್ಥಾನದ ಭಾಗವಾದ್ದರಿಂದ ಹೊರಗುಳಿಯಿತು.

ಆದರೆ ರಾಗಿ ಬೆಳೆಯುವ ಈ ಗಡಿನಾಡಿನಲ್ಲಿ ಆಳನ್ನು ಕಟ್ಟಿಹಾಕಿದ್ದು ಕ್ರಯಪತ್ರವಲ್ಲ, ಸಾಲ. ಮದುವೆಗೋ ಕಾಯಿಲೆಗೋ ಗೌಡರ ಮನೆಯಲ್ಲಿ ಹಣ ತಂದವನು ತಾನು ದುಡಿಯುತ್ತಿದ್ದ, ಇಲ್ಲವೇ ದನ ಕಾಯಲು ಮಗನನ್ನು ಜೀತಕ್ಕೆ ಬಿಡುತ್ತಿದ್ದ. 1843ರ ಕಾಯ್ದೆ ಈ ಸಾಲವನ್ನು ಮುಟ್ಟಲಿಲ್ಲ. ಅಷ್ಟೇ ಅಲ್ಲ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ದಂಡಿಸುವ ಕಾಯ್ದೆಯೊಂದು 1859ರಲ್ಲಿ ಬಂತು. ಅದನ್ನು ತೆಗೆದುಹಾಕುವ ಶಾಸನಕ್ಕೆ 1925ರವರೆಗೆ ಕಾಯಬೇಕಾಯಿತು. ಗುಲಾಮಗಿರಿ ನಿಂತಿತೆಂದು ಸಾರಿದ ಸರ್ಕಾರವೇ ಸಾಲದ ಸಂಕೋಲೆಗೆ ಕಾನೂನಿನ ಬಲ ಕೊಟ್ಟಿತೆಂದೇ ನಾನು ಇದನ್ನು ಓದುತ್ತೇನೆ.

ನಿಜವಾದ ರದ್ದತಿ ಎರಡನೆಯದು. 1975ರ ಅಕ್ಟೋಬರ್ 25ರಿಂದಲೇ ಜಾರಿಯೆಂದು ಪರಿಗಣಿಸಲಾದ 1976ರ ಜೀತ ರದ್ದತಿ ಕಾಯ್ದೆ ಆಳನ್ನು ಬಿಡಿಸಿದ್ದಲ್ಲದೆ ಸಾಲವನ್ನೂ ಅಳಿಸಿತು. ಇದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ. ಫರೀದಾಬಾದಿನ ಕಲ್ಲುಗಣಿ ಕಾರ್ಮಿಕರ ಪರವಾಗಿ ಬಂಧುವಾ ಮುಕ್ತಿ ಮೋರ್ಚಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1983ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು, ಗ್ರಾನೈಟ್ ಗಣಿಗಳ ಕೃಷ್ಣಗಿರಿಗೂ ಅಷ್ಟೇ ಮುಖ್ಯ. ಜವಳಗಿರಿಗೆ ನೆರೆಯಾದ ಆನೇಕಲ್ ತಾಲೂಕಿನಲ್ಲಿ 1980ರ ದಶಕದ ಕೊನೆಗೆ ಕಿರಣ್ ಕಮಲ್ ಪ್ರಸಾದ್ ಶುರುಮಾಡಿದ ಕೆಲಸ ಮುಂದೆ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಎಂಬ ಸಂಘಟನೆಯಾಗಿ ಬೆಳೆಯಿತು.

ಇನ್ನು ಸ್ಮರಣೆಯ ಮಾತು. ಗುಲಾಮ ವ್ಯಾಪಾರದಿಂದ ಕೊಬ್ಬಿದ ಲಿವರ್‌ಪೂಲ್ 2007ರಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯ ತೆರೆಯಿತು. ಫ್ರಾನ್ಸಿನ ನಾಂಟ್ 2012ರಲ್ಲಿ ನದಿಯ ದಡದಲ್ಲೇ ಸ್ಮಾರಕ ಕಟ್ಟಿತು. ನೆನಪಿಗೆ ಕಲ್ಲು ನಿಲ್ಲಿಸುವುದನ್ನು ನಮ್ಮ ಸೀಮೆ ಯಾರಿಂದಲೂ ಕಲಿಯಬೇಕಿಲ್ಲ. ಹೊಯ್ಸಳ ರಾಮನಾಥನ ರಾಜಧಾನಿಯಾಗಿದ್ದ ಕುಂದಾಣಿಯ ಸುತ್ತಮುತ್ತ, ಇಡೀ ಹೊಸೂರು–ಕೃಷ್ಣಗಿರಿ ಪ್ರದೇಶದಲ್ಲಿ ವೀರಗಲ್ಲುಗಳು ಹೇರಳ. ತುರುಗಾಳಗದಲ್ಲಿ ದನಗಳಿಗಾಗಿ ಮಡಿದವನನ್ನು ಊರು ಕಲ್ಲಿನಲ್ಲಿ ಕೆತ್ತಿಸಿತು. ಅದೇ ಊರಿನ ದನ ಕಾದು ಮುಪ್ಪಾದ ಜೀತಗಾರನ ಗುರುತು ಉಳಿದಿರುವುದು, ಉಳಿದಿದ್ದರೆ, ಬಿಡುಗಡೆ ಪತ್ರವೆಂಬ ಕಾಗದದಲ್ಲಿ ಮಾತ್ರ. ಆ ಕಾಗದಕ್ಕೆ ವೀರಗಲ್ಲಿಗಿಂತ ಕಡಿಮೆಯಿಲ್ಲದ ಐತಿಹಾಸಿಕ ಬೆಲೆಯಿದೆ.

ಆದ್ದರಿಂದ ಪ್ರತಿಜ್ಞೆಯೊಂದೇ ಸಾಲದು. ಉಪವಿಭಾಗ ಕಚೇರಿಗಳಲ್ಲಿರುವ ಜೀತ ವಿಮುಕ್ತಿ ಕಡತಗಳನ್ನು ಗೆದ್ದಲಿನ ಬಾಯಿಂದ ಕಾಪಾಡಬೇಕು. ಜೀತ ಕಂಡ ಹಿರಿಯರು ಇರುವಾಗಲೇ ಅವರ ಮಾತನ್ನು ಅವರದೇ ಕನ್ನಡ, ತೆಲುಗು, ತಮಿಳುಗಳಲ್ಲಿ ದಾಖಲಿಸಬೇಕು. ಗಡಿಭಾಗದ ಕನ್ನಡ ಶಾಲೆಗಳ ಮೇಷ್ಟ್ರುಗಳು ಬರುವ ಫೆಬ್ರವರಿ 9ರಿಂದಲೇ ಈ ಕೆಲಸಕ್ಕೆ ಕೈಹಚ್ಚಲಿ.