ಶಾಸನೋಕ್ತ ಆರೋಗ್ಯಶಾಲೆಗಳು: ಬಾಗಿಲು ಯಾರಿಗೆ ತೆರೆದಿತ್ತು?

ಮಧ್ಯಕಾಲೀನ ದಕ್ಷಿಣ ಭಾರತದಲ್ಲಿ ಆರೋಗ್ಯಶಾಲೆಗಳಿದ್ದುವೆಂಬುದಕ್ಕೆ ಕೆಲವು ಶಾಸನಗಳನ್ನು ಒಟ್ಟಾಗಿ ಉಲ್ಲೇಖಿಸಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಆರೋಗ್ಯಶಾಲೆ ಇತ್ತೆಂಬುದು ಒಂದು ಸಂಗತಿ. ಅದರ ಪ್ರಯೋಜನ ಯಾರಿಗೆ ದೊರೆಯುತ್ತಿತ್ತೆಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ.

ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ (1063–1070) ಶಾಸನವಿದೆ. ಅದರಲ್ಲಿ 15 ಹಾಸಿಗೆಗಳ ಆತುರಶಾಲೆಯೊಂದರ ವಿವರ ಬಂದಿದೆ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ, 8 ಕಾಸು. ಶಸ್ತ್ರವೈದ್ಯನಿಗೆ 30 ಕಲಂ ಭತ್ತ. ಮೂಲಿಕೆ ತರುವವರು, ಶುಶ್ರೂಷೆಯ ಸ್ತ್ರೀಯರು, ಕ್ಷೌರಿಕ ಇವರಿಗೂ ವೇತನ ನಿಗದಿಯಾಗಿದೆ. ವ್ಯವಸ್ಥೆಯೇನೋ ಅಚ್ಚುಕಟ್ಟಾದುದು. ಆದರೆ ಅದು ಏರ್ಪಟ್ಟುದು ಅಲ್ಲಿಯ ವಿದ್ಯಾರ್ಥಿಗಳಿಗೆ ಹಾಗೂ ದೇವಾಲಯದ ಸೇವಕವರ್ಗಕ್ಕೆ. ಆ ಭತ್ತವನ್ನು ಬೆಳೆದ ರೈತನ ಹೆಸರು ಫಲಾನುಭವಿಗಳ ಸಾಲಿನಲ್ಲಿಲ್ಲ.

ಇದಕ್ಕೆ ಹೋಲಿಸಿದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನದ ದೃಷ್ಟಿ ವಿಶಾಲವಾದುದು. ಈ ಕಾಳಾಮುಖ ಮಠವು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನೂ ಅನಾಥರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುವ ಸ್ಥಾನವೆಂದು ಅದು ವರ್ಣಿಸುತ್ತದೆ. ಅನ್ಯಮತದವರಾದ ಕ್ಷಪಣಕರೂ ಅಲ್ಲಿ ಅನ್ನಕ್ಕೆ ಅರ್ಹರು. ಪ್ರಶಸ್ತಿಭಾಗದ ಅತಿಶಯೋಕ್ತಿಯನ್ನು ಕಳೆದರೂ ಒಂದು ಅಂಶ ಉಳಿಯುತ್ತದೆ: ಇಲ್ಲಿ ಅರ್ಹತೆಗೆ ಆಧಾರವಾದುದು ಸಂಸ್ಥೆಯೊಡನೆ ಇರುವ ಸಂಬಂಧವಲ್ಲ, ರೋಗಿಯ ಅಸಹಾಯಕತೆ.

ಹಾಗಿದ್ದರೂ ದೂರದ ಸಮಸ್ಯೆ ಬಗೆಹರಿಯಲಿಲ್ಲ. ಬಳ್ಳಿಗಾವೆ ರಾಜಧಾನಿಯ ಮಟ್ಟದ ಪಟ್ಟಣ. ಹೊಲದಲ್ಲಿ ಹಾವು ಕಚ್ಚಿಸಿಕೊಂಡ ಒಕ್ಕಲಿಗನಿಗೆ ಮಠದ ಔಷಧ ಎಟುಕುವಂತಿರಲಿಲ್ಲ. 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿ ನಿರೂಪಿಸಿದುದನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು. ದೇಶಭಾಷೆಗೆ ಬಂದ ವೈದ್ಯವು ಒಂದು ಅಡ್ಡಿಯನ್ನು ಕಡಮೆ ಮಾಡಿತು. ಆದರೆ ಓಲೆಗರಿಯನ್ನು ಓದಬಲ್ಲವರು ಕೆಲವರೇ. ಉಳಿದವರನ್ನು ಸಲಹಿದವರು ಸೂಲಗಿತ್ತಿಯರು, ನಾಟಿವೈದ್ಯರು. ಇವರಿಗೆ ದತ್ತಿ ಬಿಟ್ಟವರು ವಿರಳ. ಆದಕಾರಣ ಶಾಸನಗಳಲ್ಲಿ ಇವರ ಸುಳಿವೂ ವಿರಳ. ಶಾಸನದ ಮೌನವನ್ನು ಸೇವೆಯ ಅಭಾವವೆಂದು ನಾವು ಭ್ರಮಿಸಬಾರದು.

ಹಣ ತೆರಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು 1946ರ ಭೋರ್ ಸಮಿತಿಯ ವರದಿ ಮುಂದಿಟ್ಟಿತು. ಕೋಡಿಯಮಠದ ಶಾಸನದಲ್ಲಿ ಆ ಆಶಯದ ಬೀಜವಿದೆ. ತಿರುಮುಕ್ಕೂಡಲಿನಲ್ಲಿ ಅದರ ಮಿತಿಯ ಚಿತ್ರವಿದೆ. ಚೆನ್ನೈ, ಹೈದರಾಬಾದುಗಳಲ್ಲಿರುವ ಕನ್ನಡ ಸಂಶೋಧಕರಿಗೆ ತಮಿಳು, ತೆಲುಗು ಶಾಸನಗಳೂ ಕೈಗೆಟುಕುವಂಥವು. ಅವುಗಳಲ್ಲಿ ವೈದ್ಯನ ವೇತನವನ್ನು ಲೆಕ್ಕ ಹಾಕುವುದರೊಂದಿಗೆ ರೋಗಿ ಯಾರೆಂಬುದನ್ನೂ ಅವರು ಕೇಳಲೆಂದು ನಮ್ಮ ಆಶಯ.